ಕೈ ಸಡಿಲಿಸಿದವಳ ಮಗು

ಮಗು ಯಾರದು ಎಂಬ ಜಗಳದ ಬಗ್ಗೆ ಜಗತ್ತಿನ ತುಂಬ ಸುತ್ತಾಡಿರುವ ಒಂದು ಕತೆಯಿದೆ. ಜಾತಕ ಕತೆಗಳಲ್ಲಿ ಅದು ಮಹೋಸಧ ಪಂಡಿತನ ನ್ಯಾಯವಾಗಿ ಬರುತ್ತದೆ. ಇಬ್ಬರು ಹೆಂಗಸರು, ಇಬ್ಬರೂ ತಾಯಿ ನಾನೇ ಅನ್ನುತ್ತಾರೆ. ಪಂಡಿತ ನೆಲದ ಮೇಲೆ ಗೆರೆ ಎಳೆದು, ಮಗುವನ್ನು ಅದರ ಮೇಲೆ ಮಲಗಿಸಿ, ಒಬ್ಬಳು ಕೈ ಹಿಡಿದು ಇನ್ನೊಬ್ಬಳು ಕಾಲು ಹಿಡಿದು ಎಳೆಯಲಿ ಅನ್ನುತ್ತಾನೆ. ಮಗು ನೋವಿಗೆ ಅಳುತ್ತದೆ. ಒಬ್ಬಳು ಕೈ ಬಿಡುತ್ತಾಳೆ. ಬಿಟ್ಟವಳೇ ತಾಯಿ ಎಂದು ತೀರ್ಪಾಗುತ್ತದೆ.

ಬ್ರೆಕ್ಟ್ 1944ರಲ್ಲಿ ಬರೆದ 'ಕಕೇಸಿಯನ್ ಚಾಕ್ ಸರ್ಕಲ್' ನಾಟಕದಲ್ಲಿ ಗೆರೆಯ ಬದಲು ಸೀಮೆಸುಣ್ಣದ ವೃತ್ತವಿದೆ. ಅಲ್ಲಿ ಎಳೆಯುವವಳು ಹೆತ್ತ ತಾಯಿ. ಆಸ್ತಿ ವಾರಸುದಾರನ ಹೆಸರಿನಲ್ಲಿರುವುದರಿಂದ ಅವಳಿಗೆ ಮಗು ಬೇಕು. ಕೈ ಬಿಡುವವಳು ಗ್ರೂಷಾ, ಮಗುವನ್ನು ಎತ್ತಿಕೊಂಡು ಬೆಟ್ಟ ದಾಟಿ ಸಾಕಿದ ಮನೆಗೆಲಸದ ಹುಡುಗಿ. ಅಜ್ದಾಕ್ ಎಂಬ ನ್ಯಾಯಾಧೀಶ ಮಗುವನ್ನು ಗ್ರೂಷಾಳಿಗೆ ಕೊಡುತ್ತಾನೆ. ನಮ್ಮ ಪುಣ್ಯಕೋಟಿಯೂ ಬಿಟ್ಟುಕೊಟ್ಟವಳೇ. ಹುಲಿಯ ಬಳಿಗೆ ಹೊರಡುವ ಮೊದಲು ತಬ್ಬಲಿಯಾಗುವ ಕರುವನ್ನು ಉಳಿದ ಹಸುಗಳಿಗೆ ಒಪ್ಪಿಸುತ್ತಾಳೆ. ಅವಳಿಗೂ ಕರು ಮರಳಿ ಸಿಗುತ್ತದೆ.

ಮೂರೂ ಕತೆಗಳ ಧರ್ಮ ಒಂದೇ: ಮಗುವಿಗೆ ನೋವಾಗದಿರಲಿ ಎಂದು ಕೈ ಸಡಿಲಿಸಿದವರಿಗೆ ಮಗು ಸೇರಬೇಕು. ಕೇಳಿದವರೆಲ್ಲ ಇದಕ್ಕೆ ತಲೆದೂಗುತ್ತಾರೆ. ಆದರೆ ಕನ್ನಡದ ಬಹು ಓದಿನ ಒಂದು ಕಾದಂಬರಿಯಲ್ಲಿ ಕೈ ಸಡಿಲಿಸಿದ ತಾಯಿಗೆ ಮಗು ಸಿಗುವುದಿಲ್ಲ. ನಮ್ಮ ಕೋರ್ಟುಗಳ ಸುತ್ತಮುತ್ತಲೂ ಹೆಚ್ಚಾಗಿ ಹಾಗೇ ಆಗುತ್ತದೆ. ಈ ಎರಡನ್ನೂ ಜೊತೆಗಿಟ್ಟು ಓದಬೇಕೆಂದು ನನಗೆ ಬಹಳ ದಿನಗಳಿಂದ ಅನ್ನಿಸಿದೆ.

ಕಾದಂಬರಿ ಎಸ್.ಎಲ್. ಭೈರಪ್ಪನವರ 'ವಂಶವೃಕ್ಷ' (1965). ಕತೆ ನಿಮಗೆ ಗೊತ್ತಿರುತ್ತದೆ. ಪುಸ್ತಕ ಓದದವರು ಗಿರೀಶ್ ಕಾರ್ನಾಡ್ ಮತ್ತು ಬಿ.ವಿ. ಕಾರಂತರು ಕೂಡಿ ನಿರ್ದೇಶಿಸಿದ ಸಿನಿಮಾವನ್ನಾದರೂ ನೋಡಿರಬಹುದು. ನಂಜನಗೂಡಿನ ಶ್ರೀನಿವಾಸ ಶ್ರೋತ್ರಿಗಳ ಒಬ್ಬನೇ ಮಗ ಹೊಳೆಯಲ್ಲಿ ಸಾಯುತ್ತಾನೆ. ಸೊಸೆ ಕಾತ್ಯಾಯನಿ ಮೈಸೂರಿನಲ್ಲಿ ಓದು ಮುಂದುವರಿಸುತ್ತಾಳೆ, ರಾಜನನ್ನು ಪ್ರೀತಿಸಿ ಮದುವೆಯಾಗುತ್ತಾಳೆ. ಮಗ ಮಾವನ ಮನೆಯಲ್ಲಿರುತ್ತಾನೆ. ಅವನನ್ನು ಕರೆತರಲು ಹೋದಾಗ ಶ್ರೋತ್ರಿಗಳು ತಡೆಯುವುದಿಲ್ಲ, ಕೂಗಾಡುವುದೂ ಇಲ್ಲ. ವಂಶದ ಮಾತು ಹೇಳಿ ತೀರ್ಮಾನವನ್ನು ಅವಳಿಗೇ ಬಿಡುತ್ತಾರೆ. ಕಾತ್ಯಾಯನಿ ಮಗನನ್ನು ಬಿಟ್ಟು ಬರುತ್ತಾಳೆ.

ಇಲ್ಲಿ ಗೆರೆಯೂ ಇಲ್ಲ, ವೃತ್ತವೂ ಇಲ್ಲ. ಆದರೂ ಇದು ಅದೇ ಪರೀಕ್ಷೆ. ಮಗು ಬೆಳೆದ ಮನೆಯಿಂದ ಅದನ್ನು ಕಿತ್ತುಕೊಂಡು ಹೋಗಲು ಮನಸ್ಸು ಬಾರದೆ ತಾಯಿ ಕೈ ಬಿಡುತ್ತಾಳೆ. ಮಹೋಸಧ ಪಂಡಿತ ಅಲ್ಲಿದ್ದಿದ್ದರೆ ಆ ಕ್ಷಣವೇ ಮಗುವನ್ನು ಅವಳ ಮಡಿಲಿಗೆ ಹಾಕುತ್ತಿದ್ದ. ಕಾದಂಬರಿ ಹಾಗೆ ಮಾಡುವುದಿಲ್ಲ. ಮುಂದೆ ಅವಳ ಬಸಿರುಗಳು ನಿಲ್ಲುವುದಿಲ್ಲ, ದೊಡ್ಡವನಾದ ಮಗ ಎದುರಿಗೆ ಸಿಕ್ಕರೂ ಅಪರಿಚಿತನಂತೆ ಇರುತ್ತಾನೆ, ಕೊರಗು ಅವಳನ್ನು ತಿನ್ನುತ್ತದೆ. ಮರುಮದುವೆಯಾದ ವಿಧವೆಯನ್ನು ಲೇಖಕರು ಶಿಕ್ಷಿಸಿದರು ಎಂಬ ಆಕ್ಷೇಪ ಹಳೆಯದು. ನನ್ನ ಪ್ರಶ್ನೆ ಬೇರೆ. ಕಾತ್ಯಾಯನಿ ಅನುಭವಿಸುವ ಶಿಕ್ಷೆ ಮದುವೆಯಾಗಿದ್ದಕ್ಕೋ, ಮಗುವನ್ನು ಬಿಟ್ಟು ಬಂದಿದ್ದಕ್ಕೋ? ಸಾಲು ಸಾಲಾಗಿ ಓದಿದರೆ ಎರಡನೆಯದೇ ಅವಳನ್ನು ಹೆಚ್ಚು ಸುಡುತ್ತದೆ. ಕರುಣೆಯಿಂದ ಮಾಡಿದ ಕೆಲಸವನ್ನೇ ಅವಳು ಅಪರಾಧವೆಂದು ಎಣಿಸತೊಡಗುತ್ತಾಳೆ. ಓದುಗರಾದ ನಾವೂ ಸದ್ದಿಲ್ಲದೆ ಅದನ್ನು ಒಪ್ಪಿಕೊಂಡುಬಿಡುತ್ತೇವೆ.

ಇದೇ ಪ್ರಕರಣವನ್ನು ಕಾನೂನಿನ ಕಣ್ಣಿನಿಂದ ನೋಡಿ. ಬ್ರಿಟಿಷ್ ಇಂಡಿಯಾದ 1856ರ ಹಿಂದೂ ವಿಧವಾ ಪುನರ್ವಿವಾಹ ಕಾಯ್ದೆ ವಿಧವೆಗೆ ಮದುವೆಯ ದಾರಿ ತೆರೆಯಿತು. ಅದೇ ಕಾಯ್ದೆಯ 3ನೇ ಕಲಮು, ಹಾಗೆ ಮದುವೆಯಾದವಳ ಮಕ್ಕಳಿಗೆ ಬೇರೆ ಪಾಲಕರನ್ನು ನೇಮಿಸಿ ಎಂದು ಸತ್ತ ಗಂಡನ ತಂದೆ ಅಥವಾ ಬಂಧುಗಳು ಕೋರ್ಟಿಗೆ ಹೋಗಲು ಅವಕಾಶ ಕೊಟ್ಟಿತು. ಕಾತ್ಯಾಯನಿಯ ಸಂಕಟದ ನಕ್ಷೆ ಒಂದು ಶತಮಾನ ಮೊದಲೇ ಈ ಕಲಮಿನಲ್ಲಿತ್ತು.

ಕಾದಂಬರಿಯ ಕಾಲ ಹಳೆಯದಾದರೂ ಅದು ಓದುಗರ ಕೈಸೇರಿದ 1965ರ ಹೊತ್ತಿಗೆ ಕಾನೂನು ಬದಲಾಗಿತ್ತು. 1956ರ ಹಿಂದೂ ಅಪ್ರಾಪ್ತ ವಯಸ್ಕತೆ ಮತ್ತು ಪಾಲಕತ್ವ ಕಾಯ್ದೆಯ 6ನೇ ಕಲಮಿನ ಪ್ರಕಾರ ತಂದೆ ಸತ್ತರೆ ತಾಯಿಯೇ ಸಹಜ ಪಾಲಕಳು. ಅಜ್ಜ ಎಷ್ಟೇ ಪೂಜ್ಯನಾದರೂ ಆ ಪಟ್ಟಿಯಲ್ಲಿಲ್ಲ. ಇನ್ನೊಂದು ಸ್ವಾರಸ್ಯವಿದೆ. ಯಾರು ಸಹಜ ಪಾಲಕರಾಗಿ ಉಳಿಯುವುದಿಲ್ಲ ಎಂದು ಅದೇ ಕಲಮು ಹೇಳುತ್ತದೆ: ಹಿಂದೂ ಧರ್ಮವನ್ನು ಬಿಟ್ಟವರು, ಮತ್ತು ಲೋಕವನ್ನು ಪೂರ್ತಿಯಾಗಿ ತ್ಯಜಿಸಿ ವಾನಪ್ರಸ್ಥಕ್ಕೋ ಸಂನ್ಯಾಸಕ್ಕೋ ಹೋದವರು. ಮರುಮದುವೆ ಅಲ್ಲಿ ಅನರ್ಹತೆಯಲ್ಲ, ಸಂನ್ಯಾಸ ಅನರ್ಹತೆ. ಕಾದಂಬರಿಯ ಕೊನೆಯಲ್ಲಿ ಸಂನ್ಯಾಸಕ್ಕೆ ಹೊರಡುವವರು ಶ್ರೋತ್ರಿಗಳು. ತಾಯಿ ಮರುಮದುವೆಯಾದಳು ಎಂಬ ಒಂದೇ ಕಾರಣಕ್ಕೆ ಮಗುವನ್ನು ನಿರಾಕರಿಸುವಂತಿಲ್ಲ ಎಂಬುದನ್ನು ಸುಪ್ರೀಂ ಕೋರ್ಟ್ 2006ರ ಒಂದು ತೀರ್ಪಿನಲ್ಲೂ ಹೇಳಿದೆ.

ಭೈರಪ್ಪನವರಿಗೆ ಅನ್ಯಾಯ ಮಾಡಬಾರದು. ಕಾದಂಬರಿಯಲ್ಲೇ ಇನ್ನೊಂದು ತೀರ್ಪೂ ಇದೆ. ವಂಶದ ಹೆಸರಿನಲ್ಲಿ ಮಗುವನ್ನು ಉಳಿಸಿಕೊಂಡ ಶ್ರೋತ್ರಿಗಳಿಗೆ, ತಾವೇ ರಕ್ತದಿಂದ ಆ ವಂಶದವರಲ್ಲ ಎಂಬುದು ಕೊನೆಗೆ ಗೊತ್ತಾಗುತ್ತದೆ. ಆಸ್ತಿ ದಾಯಾದಿಯ ಪಾಲಾಗದಿರಲಿ ಎಂದು ಹಿಂದಿನವರು ಮಾಡಿದ ಏರ್ಪಾಡಿನಿಂದ ಹುಟ್ಟಿದವರು ಅವರು. ಯಾವ ವಾದದ ಮುಂದೆ ಕಾತ್ಯಾಯನಿ ಕೈ ಬಿಟ್ಟಳೋ ಆ ವಾದಕ್ಕೇ ಬುಡವಿರಲಿಲ್ಲ. ಬ್ರೆಕ್ಟ್‌ನ ನಾಟಕದಲ್ಲೂ ಹಕ್ಕಿನ ಮಾತಿನ ಹಿಂದೆ ಆಸ್ತಿಯ ಲೆಕ್ಕವಿತ್ತು ಎಂಬುದನ್ನು ನೆನೆಯಿರಿ. ನನ್ನ ಪ್ರಕಾರ 'ವಂಶವೃಕ್ಷ'ದ ದೊಡ್ಡತನ ಇಲ್ಲಿದೆ. ಅದು ಮೊದಲು ಕೊಟ್ಟ ತೀರ್ಪನ್ನು ತಾನೇ ಮೇಲ್ಮನವಿಯಲ್ಲಿ ತಳ್ಳಿಹಾಕುತ್ತದೆ. ಆದರೆ ಅಷ್ಟರಲ್ಲಿ ಮಗು ದೊಡ್ಡವನಾಗಿದ್ದಾನೆ, ತಾಯಿ ಸವೆದುಹೋಗಿದ್ದಾಳೆ. ಮಕ್ಕಳ ಮೊಕದ್ದಮೆಯನ್ನು ಹತ್ತಿರದಿಂದ ಕಂಡವರಿಗೆ ಈ ತಡ ಹೊಸದೇನಲ್ಲ.

ನಾನು ಇದನ್ನು ಬರೆಯುತ್ತಿರುವುದು ದೊಡ್ಡಬಳ್ಳಾಪುರ ತಾಲ್ಲೂಕಿನ ಸಾಸಲಿನಲ್ಲಿ ಕೂತು. ಮಕ್ಕಳಾಗಲಿ ಎಂದು ಘಾಟಿ ಸುಬ್ರಹ್ಮಣ್ಯಕ್ಕೆ ಹೋಗಿ ನಾಗರ ಕಲ್ಲು ನಿಲ್ಲಿಸುವ ತಾಲ್ಲೂಕು ಇದು. ಹುಟ್ಟುವ ತನಕ ಮಗು ದೇವರದು. ಗಂಡ ಹೆಂಡತಿ ಬೇರೆಯಾದ ದಿನ ಅದು ಯಾರದು? ನಮ್ಮ ಕಡೆ ಹಿರಿಯರು ಕೂತು ಮಾಡುವ ಪಂಚಾಯಿತಿಗಳಲ್ಲಿ ನಾನು ಕೇಳಿರುವ ಉತ್ತರ ಸಲೀಸಾದದ್ದು: ಗಂಡು ಅಪ್ಪನ ಕಡೆಗೆ, ಹೆಣ್ಣು ಅವ್ವನ ಕಡೆಗೆ. ಪಾತ್ರೆ, ಒಡವೆ, ಮದುವೆ ಖರ್ಚಿನ ಜೊತೆಗೇ ಮಕ್ಕಳ ಮಾತೂ ಮುಗಿದುಹೋಗುತ್ತದೆ. ಕೂಡಿಕೆಯ ಪದ್ಧತಿಯಿದ್ದ ಒಕ್ಕಲು ಮನೆತನಗಳಲ್ಲಿ ವಿಧವೆಗೆ ಮದುವೆ ನಿಷಿದ್ಧವಾಗಿರಲಿಲ್ಲ. ಆದರೂ ಮೊದಲ ಗಂಡನ ಮಕ್ಕಳನ್ನು ಆ ಮನೆಯಲ್ಲೇ ಬಿಟ್ಟು ಹೋಗಬೇಕಾದ ಹೆಂಗಸರ ಕತೆಗಳು ಅಜ್ಜಿಯರ ಬಾಯಲ್ಲಿ ಇವೆ. ಕಾತ್ಯಾಯನಿಯ ಕತೆ ಬ್ರಾಹ್ಮಣ ವಿಧವೆಯೊಬ್ಬಳ ಕತೆ ಮಾತ್ರ ಎಂದು ಪಕ್ಕಕ್ಕಿಡಲು ನನಗೆ ಆಗದಿರುವುದು ಇದಕ್ಕೇ.

ಈಗ ಕೈ ಬಿಡುವ ರೀತಿ ಬದಲಾಗಿದೆ. ಗಂಡನ ಮನೆ ಬಿಟ್ಟ ಹೆಂಗಸು ದೊಡ್ಡಬಳ್ಳಾಪುರದ ಗಾರ್ಮೆಂಟ್ಸ್‌ಗೆ ಸೇರುತ್ತಾಳೆ, ಇಲ್ಲವೇ ಬೆಂಗಳೂರಿನಲ್ಲಿ ರೂಮು ಮಾಡುತ್ತಾಳೆ. ಬೆಳಗ್ಗೆ ಹೋದರೆ ಬರುವುದು ಕತ್ತಲಾದ ಮೇಲೆ. ಮಗುವಿನ ಶಾಲೆ ಊರಲ್ಲಿದೆ, ಅಜ್ಜಿ ಊರಲ್ಲಿದ್ದಾಳೆ. ಸದ್ಯಕ್ಕೆ ಇಲ್ಲೇ ಇರಲಿ ಎಂದು ಬಿಟ್ಟು ಹೋಗುತ್ತಾಳೆ. ಮಗುವಿನ ಹಿತ ನೋಡಿಯೇ ಅವಳು ಹಾಗೆ ಮಾಡುವುದು. ಎರಡು ವರ್ಷ ಕಳೆದು ಕರೆದೊಯ್ಯಲು ಬಂದಾಗ ಎದುರು ಪಕ್ಷದವರ ಅರ್ಜಿಯಲ್ಲಿ ಅದೇ ಸಂಗತಿ ಬೇರೆ ಭಾಷೆಯಲ್ಲಿ ಬಂದಿರುತ್ತದೆ: ತಾಯಿ ಮಗುವನ್ನು ತೊರೆದು ಹೋಗಿದ್ದಾಳೆ, ಮಗು ಇಲ್ಲಿನ ವಾತಾವರಣಕ್ಕೆ ಹೊಂದಿಕೊಂಡಿದೆ, ಅದನ್ನು ಕದಲಿಸಬಾರದು. ಊರಿನಲ್ಲಿ ಅಜ್ಜಿಯ ಬಳಿ ಬಿಟ್ಟು ದುಡಿಯಲು ಹೋದ ತಂದೆಯಂದಿರಿಗೂ ಇದೇ ಆಗುತ್ತದೆ. 1890ರ ಪಾಲಕರು ಮತ್ತು ಪಾಲ್ಯರ ಕಾಯ್ದೆಯ ಪ್ರಕಾರ ಅರ್ಜಿ ಹಾಕಬೇಕಾದದ್ದೂ ಮಗು ಸಾಮಾನ್ಯವಾಗಿ ವಾಸಿಸುವ ಜಾಗದ ಮೇಲೆ ಅಧಿಕಾರವಿರುವ ನ್ಯಾಯಾಲಯಕ್ಕೆ. ಮಗುವನ್ನು ಎಲ್ಲಿ ಬಿಟ್ಟಿದ್ದೀರಿ ಎಂಬುದೇ ಮೊಕದ್ದಮೆ ಎಲ್ಲಿ ನಡೆಯುತ್ತದೆ ಎಂಬುದನ್ನೂ ಹೇಳಿಬಿಡುತ್ತದೆ.

ಇದನ್ನು ತಿಳಿದ ವಕೀಲರು ಕೊಡುವ ಬುದ್ಧಿಮಾತು ಒಂದೇ: ಏನಾದರೂ ಆಗಲಿ, ಮಗುವನ್ನು ಬಿಟ್ಟು ಬರಬೇಡಿ. ವ್ಯವಹಾರದ ದೃಷ್ಟಿಯಿಂದ ಆ ಮಾತು ಸರಿ. ಆದರೆ ಇದರ ಅರ್ಥವೇನು? ಗೆರೆಯ ಮೇಲಿರುವ ಮಗುವನ್ನು ಇಬ್ಬರೂ ಬಿಡದೆ ಎಳೆಯಿರಿ ಎಂದೇ. ಬಿಟ್ಟವರಿಗೆ ಮಗು ಸಿಗುವುದಿಲ್ಲ ಎಂದು ಗೊತ್ತಾದ ಮೇಲೆ ಕೈ ಬಿಡುವವರು ಯಾರು?

ಕಾನೂನು ಬರೆದಿಟ್ಟ ತತ್ವ ಹೀಗಿಲ್ಲ. ಮಗುವಿನ ಹಿತವೇ ಎಲ್ಲಕ್ಕಿಂತ ಮುಖ್ಯ ಎಂದು 1956ರ ಕಾಯ್ದೆಯ 13ನೇ ಕಲಮು ಹೇಳುತ್ತದೆ. ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕು ಎಂದು 6ನೇ ಕಲಮು ಹೇಳುತ್ತದೆ. 2017ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದ ಒಂದು ಪ್ರಕರಣದಲ್ಲಿ ಹೆಣ್ಣುಮಗುವೊಂದು ತೀರ ಚಿಕ್ಕದಿದ್ದಾಗಿನಿಂದ ವರ್ಷಗಟ್ಟಲೆ ತಂದೆಯ ಬಳಿಯೇ ಬೆಳೆದಿತ್ತು, ತಾಯಿಯ ಪರಿಚಯವೇ ಮಸುಕಾಗಿತ್ತು. ಮಗು ಒಗ್ಗಿಕೊಂಡಿದೆ ಎಂಬ ಒಂದೇ ಮಾತಿಗೆ ಕೋರ್ಟು ಕಟ್ಟುಬೀಳಲಿಲ್ಲ. ತಾಯಿಯ ಪ್ರೀತಿ ಏನೆಂದು ಆ ಮಗು ತಿಳಿಯುವುದಕ್ಕಾದರೂ ಅವಕಾಶ ಬೇಕು ಎಂಬ ದಾರಿಯಲ್ಲಿ ಯೋಚಿಸಿ ತಾಯಿಗೆ ಒಪ್ಪಿಸಿತು. ಅದನ್ನು ಓದುವಾಗ ನನಗೆ ಕಾತ್ಯಾಯನಿ ಮತ್ತು ಅವಳ ಮಗ ಎದುರುಬದುರಾಗುವ ಪುಟಗಳು ನೆನಪಾದವು.

ಕೋರ್ಟುಗಳೂ ಪದಗಳನ್ನು ಓದಿಯೇ ಬದುಕುತ್ತವೆ. ಸಾಹಿತ್ಯದ ವಿದ್ಯಾರ್ಥಿಗಳು ತಿಳಿದಿರಬೇಕಾದ ಒಂದು ಪ್ರಕರಣ ಗೀತಾ ಹರಿಹರನ್ ಅವರದು. 'ದ ಥೌಸಂಡ್ ಫೇಸಸ್ ಆಫ್ ನೈಟ್' ಬರೆದ ಕಾದಂಬರಿಗಾರ್ತಿ ಅವರೇ. ಮಗನ ಹೆಸರಿನಲ್ಲಿ ರಿಸರ್ವ್ ಬ್ಯಾಂಕಿನ ಬಾಂಡ್ ಕೊಳ್ಳಲು ಪಾಲಕಳಾಗಿ ಸಹಿ ಮಾಡಿದಾಗ ಬ್ಯಾಂಕು ತಂದೆಯ ಸಹಿ ಕೇಳಿತು. 6ನೇ ಕಲಮಿನ ಪ್ರಕಾರ ಸಹಜ ಪಾಲಕ ತಂದೆ, 'ಅವನ ನಂತರ' ತಾಯಿ. ಇಡೀ ಮೊಕದ್ದಮೆ ನಿಂತದ್ದು 'ನಂತರ' ಎಂಬ ಒಂದು ಮಾತಿನ ಮೇಲೆ. ನಂತರ ಎಂದರೆ ತಂದೆ ಸತ್ತ ಮೇಲೆ ಎಂದು ಓದಬೇಕಾಗಿಲ್ಲ, ತಂದೆಯ ಗೈರುಹಾಜರಿಯಲ್ಲಿ ಎಂದು ಓದಬೇಕು, ಬದುಕಿದ್ದೂ ಮಗುವಿನ ಯೋಗಕ್ಷೇಮದಲ್ಲಿ ತೊಡಗದವನೂ ಗೈರುಹಾಜರಾದವನೇ ಎಂದು 1999ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಕಾನೂನಿನ ಪುಸ್ತಕದಲ್ಲಿ ಒಂದಕ್ಷರವೂ ಬದಲಾಗಲಿಲ್ಲ, ಓದು ಬದಲಾಯಿತು. ವಿಮರ್ಶೆಯಿಂದ ಏನು ಪ್ರಯೋಜನ ಎಂದು ಕೇಳುವವರಿಗೆ ನಾನು ಈ ತೀರ್ಪನ್ನು ತೋರಿಸುತ್ತೇನೆ. 'ನಂತರ'ವನ್ನು ಹೀಗೆ ಓದಬಹುದಾದರೆ 'ಬಿಟ್ಟು ಹೋದಳು' ಎಂಬುದನ್ನೂ ಹೊಸದಾಗಿ ಓದಬಹುದು.

ಕನ್ನಡದಲ್ಲಿ ನಾವು ಬಳಸುವ ಪದಗಳನ್ನೂ ನೋಡಬೇಕು. ಪತ್ರಿಕೆಗಳಲ್ಲಿ 'ಮಗು ತಾಯಿಯ ಸುಪರ್ದಿಗೆ' ಎಂದು ಬರುತ್ತದೆ. ಪೊಲೀಸರು ಹಿಡಿದಿಟ್ಟ ಬೈಕನ್ನು ಬಿಡಿಸಿಕೊಳ್ಳುವುದಕ್ಕೂ ಸುಪರ್ದಿ ಎಂಬ ಮಾತೇ. ಇನ್ನೊಂದು ಪದ 'ವಶ'. ಅದು ಆರೋಪಿಗೂ ಜಮೀನಿಗೂ ಸಲ್ಲುತ್ತದೆ. ಸಾಕುವುದು, ಸಲಹುವುದು, ಮಡಿಲು ಎಂಬ ಮಾತುಗಳಿರುವ ಭಾಷೆಯಲ್ಲಿ ಮಗುವಿನ ಪ್ರಶ್ನೆ ಬಂದಾಗ ನಾವು ಠಾಣೆಯ ಪದಗಳನ್ನು ಎತ್ತಿಕೊಂಡಿದ್ದೇವೆ. 'ವಶ' ಎಂದಾಗ ಒಬ್ಬರಿಗೆ ಸಿಕ್ಕಿದ್ದು ಇನ್ನೊಬ್ಬರಿಗೆ ತಪ್ಪಿತು ಎಂದೇ ಆಗುತ್ತದೆ. ಸಾಕುವುದನ್ನು ಇಬ್ಬರೂ ಮಾಡಬಹುದು. 2015ರ ಮೇ ತಿಂಗಳಲ್ಲಿ ಕಾನೂನು ಆಯೋಗ ತನ್ನ 257ನೇ ವರದಿಯಲ್ಲಿ ಜಂಟಿ ಪೋಷಣೆಗೆ ಅವಕಾಶ ಬೇಕೆಂದು ಶಿಫಾರಸು ಮಾಡಿತು. ದೂರ ಉಳಿದ ತಂದೆ ಅಥವಾ ತಾಯಿಗೆ ಭೇಟಿಯ ಹಕ್ಕಿನ ಜೊತೆಗೆ ಫೋನು, ವಿಡಿಯೋ ಕರೆಯ ಮೂಲಕ ಸಂಪರ್ಕದ ಹಕ್ಕೂ ಇರಬೇಕು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿತು. ಇವೆಲ್ಲ 'ವಶ'ದಿಂದ ಸಾಕುವುದರ ಕಡೆಗೆ ಇಟ್ಟ ಹೆಜ್ಜೆಗಳು.

ಮಗುವನ್ನು ಹಂಚಿಕೊಳ್ಳುವ ಜಗಳಕ್ಕೆ ನಮ್ಮಲ್ಲಿ ಇನ್ನೊಂದು ಮಾದರಿಯೂ ಇದೆ. ಅದು ಮಾಸ್ತಿಯವರ 'ಮೊಸರಿನ ಮಂಗಮ್ಮ'. ಬೆಂಗಳೂರಿನ ಸುತ್ತಿನ ಹಳ್ಳಿಯಿಂದ ಮೊಸರು ಹೊತ್ತು ತರುವ ಮಂಗಮ್ಮ ನಮ್ಮ ಸೀಮೆಯವಳೇ. ಸೊಸೆ ನಂಜಮ್ಮ ಮಗುವನ್ನು ಹೊಡೆದಳೆಂದು ಅಜ್ಜಿ ಕೇಳುತ್ತಾಳೆ. ನನ್ನ ಮಗ, ನನ್ನ ಹಕ್ಕು ಎಂಬುದು ಸೊಸೆಯ ನಿಲುವು. ಮಾತು ಬೆಳೆದು ಮಂಗಮ್ಮ ಬೇರೆ ಒಲೆ ಹೂಡುತ್ತಾಳೆ. ಅತ್ತೆ ಸೊಸೆಯ ಜಗಳ ಎಂದು ತರಗತಿಗಳಲ್ಲಿ ಪಾಠ ಮಾಡುತ್ತಾರೆ. ನನಗದು ಮೊಮ್ಮಗನನ್ನು ಕಾಣುವ ಹಕ್ಕಿನ ಕತೆ. ಕಾನೂನಿನಲ್ಲಿ ಅಜ್ಜಿ ಸಹಜ ಪಾಲಕಳಲ್ಲ. ಬಂಧುವಾಗಿ ಅರ್ಜಿ ಹಾಕಬಹುದು, ಅಷ್ಟೇ.

ಬಿಕ್ಕಟ್ಟು ಬಿಡಿಸುವುದು ಮಗುವಿನ ನಡಿಗೆ. ಮೊಮ್ಮಗ ಅಜ್ಜಿಯ ಬಳಿಗೆ ಬಂದು ಅಲ್ಲೇ ಉಳಿಯುತ್ತಾನೆ, ಎರಡು ಒಲೆ ಮತ್ತೆ ಒಂದಾಗುತ್ತವೆ. ಆದರೆ ಮಾಸ್ತಿ ಜಾಣರು. ಆ ನಡಿಗೆಯ ಹಿಂದೆ ನಂಜಮ್ಮನ ಕೈವಾಡವಿದೆ, ಮುದುಕಿಯ ದುಡ್ಡು ರಂಗಪ್ಪನ ಪಾಲಾದೀತೆಂಬ ಭಯವಿದೆ ಎಂದು ಕೊನೆಗೆ ತಿಳಿಸುತ್ತಾರೆ. ಮಗು ತಾನಾಗಿ ಹೋಯಿತೋ, ಕಳಿಸಿದ್ದಕ್ಕೆ ಹೋಯಿತೋ? ಎರಡೂ ನಿಜ. ಈ ಇಬ್ಬಂದಿಯನ್ನೇ ಕೋರ್ಟು ದಿನವೂ ಎದುರಿಸುತ್ತದೆ. ತಿಳಿದು ಹೇಳುವಷ್ಟು ದೊಡ್ಡದಾಗಿದ್ದರೆ ಮಗುವಿನ ಇಷ್ಟವನ್ನು ನ್ಯಾಯಾಲಯ ಪರಿಗಣಿಸಬಹುದು ಎಂದು 1890ರ ಕಾಯ್ದೆಯ 17ನೇ ಕಲಮಿನಲ್ಲಿದೆ. ಮಗು ಹೇಳಿದ್ದು ಅದರ ಮಾತೋ, ಹೇಳಿಕೊಟ್ಟ ಮಾತೋ ಎಂದು ನ್ಯಾಯಾಧೀಶರು ತಲೆ ಕೆಡಿಸಿಕೊಳ್ಳುತ್ತಾರೆ. ಮಾಸ್ತಿಯವರ ಕತೆಯಿಂದ ನಾನು ಕಲಿತದ್ದು, ಹೇಳಿಕೊಟ್ಟಿದ್ದಾರೆ ಎಂಬ ಒಂದೇ ಕಾರಣಕ್ಕೆ ಮಗುವಿನ ಆಸೆ ಸುಳ್ಳಾಗುವುದಿಲ್ಲ. ಅಜ್ಜಿ ಕೊಡಿಸುವ ಮಿಠಾಯಿ ನಿಜ, ಅಜ್ಜಿಯೂ ನಿಜ.

ದುಡ್ಡಿನ ಮಾತನ್ನು ನಾಚಿಕೆಯಿಲ್ಲದೆ ತಂದವರೂ ಮಾಸ್ತಿಯವರೇ. ನಮ್ಮ ಕಡೆ ಬೇರೆಯಾದವರ ನಡುವೆ ಕೇಳಿಬರುವ ಎರಡು ಮಾತುಗಳು: 'ದುಡ್ಡು ಕೊಡು, ಮಗು ತೋರಿಸ್ತೀನಿ', 'ಮಗು ತೋರಿಸು, ದುಡ್ಡು ಕೊಡ್ತೀನಿ'. ಕಾನೂನಿನಲ್ಲಿ ಈ ಚೌಕಾಸಿಗೆ ಜಾಗವಿಲ್ಲ. ಜೀವನಾಂಶ ಮಗುವಿನ ಊಟ, ಬಟ್ಟೆ, ಫೀಸಿಗೆ ಸೇರಿದ್ದು, ಭೇಟಿಯ ಬಾಡಿಗೆಯಲ್ಲ. ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮು, 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮು, ಇದಕ್ಕೆ ದಾರಿ. 2001ರವರೆಗೆ ಇದರಡಿ ತಿಂಗಳಿಗೆ 500 ರೂಪಾಯಿ ಮೀರುವಂತಿರಲಿಲ್ಲ, ಈಗ ಆ ಮಿತಿಯಿಲ್ಲ. ಗಂಡ ಹೆಂಡತಿ ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲವನ್ನು ಪ್ರಮಾಣಪತ್ರದಲ್ಲಿ ತೋರಿಸಬೇಕು, ಜೀವನಾಂಶ ಅರ್ಜಿ ಹಾಕಿದ ದಿನದಿಂದಲೇ ಸಲ್ಲಬೇಕು ಎಂದು ಸುಪ್ರೀಂ ಕೋರ್ಟ್ 2020ರ ನವೆಂಬರ್ 4ರ ತೀರ್ಪಿನಲ್ಲಿ ಹೇಳಿದೆ. ಹೆಂಗಸರಿಗೂ ಮಕ್ಕಳಿಗೂ, ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಪಡೆಯುವ ಹಕ್ಕನ್ನು 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ ಕೊಟ್ಟಿದೆ. ಕಾತ್ಯಾಯನಿ ಮಗನಿಗಾಗಿ ತಿಂಗಳಿಗೆ ಏನನ್ನಾದರೂ ಕಳಿಸುತ್ತಿದ್ದಿದ್ದರೆ, ಪ್ರತಿ ಭಾನುವಾರ ನಂಜನಗೂಡಿಗೆ ಹೋಗಿ ಬರುತ್ತಿದ್ದಿದ್ದರೆ 'ವಂಶವೃಕ್ಷ' ಬೇರೆ ಕಾದಂಬರಿಯಾಗುತ್ತಿತ್ತು. ಅವಳ ಮುಂದೆ ಇದ್ದದ್ದು ಪೂರ್ತಿ ತಾಯಿಯಾಗುವ ಇಲ್ಲವೇ ತಾಯಿಯೇ ಅಲ್ಲದಿರುವ ಎರಡೇ ದಾರಿ. ನಡುವಿನ ದಾರಿಯನ್ನು ಅವಳೂ ಶ್ರೋತ್ರಿಗಳೂ ಯೋಚಿಸಲಿಲ್ಲ. ಲೇಖಕರ ಕಲ್ಪನೆಯೂ ಅಲ್ಲಿಗೆ ಹೋಗಲಿಲ್ಲ ಎಂಬುದು ಆ ಕಾದಂಬರಿಯ ಬಗ್ಗೆ ನನ್ನ ತಕರಾರು.

ಎರಡೂ ಕತೆಗಳಲ್ಲಿ ನನಗೆ ಕಾಣುವ ಕೊರತೆ ಒಂದು. ಮಂಗಮ್ಮನ ಮೊಮ್ಮಗ ನಡೆದು ಹೋದ, ಆದರೆ ಕತೆ ಹೇಳಿದವರು ದೊಡ್ಡವರು. ಕಾತ್ಯಾಯನಿಯ ಮಗನಿಗೆ ಅಂದು ತಾಯಿ ಬಂದಿದ್ದಳು, ತನ್ನನ್ನು ಬಿಟ್ಟು ಹೋದಳು ಎಂಬುದು ಹೇಗೆ ಕಂಡಿತೆಂದು ನಮಗೆ ಗೊತ್ತಿಲ್ಲ. ವಾರಕ್ಕೊಮ್ಮೆ ಬ್ಯಾಗು ಹೊತ್ತು ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುವ, ಕೋರ್ಟಿನ ಮಕ್ಕಳ ಕೋಣೆಯಲ್ಲಿ ಒಂದು ಗಂಟೆ ಅಪ್ಪನ ಜೊತೆ ಕೂರುವ, ಅಲ್ಲಿಂದ ಹೊರಬಂದ ಮೇಲೆ ಏನು ಹೇಳಿದರೆ ಅವ್ವನಿಗೆ ಬೇಜಾರಾಗುವುದಿಲ್ಲ ಎಂದು ಲೆಕ್ಕ ಹಾಕುವ ಮಕ್ಕಳು ಈಗ ನಮ್ಮ ತರಗತಿಗಳಲ್ಲೇ ಇದ್ದಾರೆ. ಅವರ ಕಡೆಯಿಂದ ಬರೆದ ಕತೆಗಾಗಿ ನಾನು ಕಾಯುತ್ತಿದ್ದೇನೆ. ಅದಕ್ಕೂ ಮೊದಲು 'ವಂಶವೃಕ್ಷ' ಓದುವ ವಿದ್ಯಾರ್ಥಿಗಳಿಗೆ ಒಂದು ಕೆಲಸ ಹೇಳಬಹುದು: ತಾಯಿ ಮಗನನ್ನು ಬಿಟ್ಟು ಬರುವ ಆ ಭಾಗವನ್ನು ಶ್ರೋತ್ರಿಗಳ ಕಡೆಯಿಂದ ಒಮ್ಮೆ, ಕಾತ್ಯಾಯನಿಯ ಕಡೆಯಿಂದ ಒಮ್ಮೆ ಓದಿ. ಆಮೇಲೆ ಆ ಮನೆಯಲ್ಲೇ ಉಳಿದ ಹುಡುಗನ ಕಡೆಯಿಂದ ಒಂದು ಪುಟ ಬರೆಯಿರಿ.